ನಡೆಯದ ಚರ್ಚೆ, ನಡೆದ ಮಾತು

ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗರು ತಮ್ಮೊಡನೆ ತಂದ ಸಾಮಾನುಗಳಲ್ಲಿ ಹೆಚ್ಚು ಕಾಲ ಬಾಳಿಕೆ ಬಂದದ್ದು ಮಾತು. ತಗಡಿನ ಟ್ರಂಕು ತುಕ್ಕು ಹಿಡಿಯಿತು, ಚಾಪೆ ಹರಿಯಿತು, ಊರಿನ ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು. ಆದರೆ ಕರಾವಳಿಯವರ ನಾಲಗೆಯಲ್ಲಿರುವ ತಾಳಮದ್ದಲೆಯ ವರಸೆಯಾಗಲಿ, ಬಯಲುಸೀಮೆಯವರ ಮಾತಿನಲ್ಲಿರುವ ಹರದೇಶಿ-ನಾಗೇಶಿಯ ಸವಾಲು ಜವಾಬಿನ ಬಿಗುವಾಗಲಿ ನಾಲ್ಕು ದಶಕಗಳ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿಯೂ ಸವೆಯಲಿಲ್ಲ. ವಾದ ಮಾಡುವ ಈ ಅಭ್ಯಾಸ ಎಷ್ಟು ಹಿತವೋ ಅಷ್ಟೇ ಅಪಾಯಕಾರಿಯೂ ಹೌದು. ಅದು ಸ್ನೇಹವನ್ನು ಕಟ್ಟಲೂ ಬಲ್ಲುದು, ಮುರಿಯಲೂ ಬಲ್ಲುದು. ಗೋರೆಗಾಂವಿನ ಇಬ್ಬರು ಹಿರಿಯರ ಬಾಳಿನಲ್ಲಿ ಅದು ಎರಡನ್ನೂ ಮಾಡಿತು.

ಒಬ್ಬರು ವಿಜಯಪುರದ ಕಡೆಯ ರಾಯರು, ಬ್ಯಾಂಕಿನಿಂದ ನಿವೃತ್ತರಾದವರು. ಇನ್ನೊಬ್ಬರು ದಕ್ಷಿಣ ಕನ್ನಡದ ಮಾಸ್ತರರು. ಹಗಲು ಒಂದು ಕಂಪನಿಯಲ್ಲಿ ಗುಮಾಸ್ತಿಕೆ ಮಾಡಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಹೋಟೆಲಿನ ಹುಡುಗರಿಗೆ ಪಾಠ ಹೇಳಿದವರು. ಒಂದೇ ಹೌಸಿಂಗ್ ಸೊಸೈಟಿಯ ಎರಡನೆಯ ಮಹಡಿಯಲ್ಲಿ ಎದುರುಬದುರು ಬಾಗಿಲು. ಮೂವತ್ತು ವರ್ಷ ಚರ್ಚ್‌ಗೇಟಿನ ಒಂದೇ ಗಾಡಿಯಲ್ಲಿ ಹೋಗಿಬಂದವರು. ಯಾರು ಯಾವ ಪಕ್ಷದವರೆಂಬುದು ಇಲ್ಲಿ ಅನಾವಶ್ಯಕ. ಇಬ್ಬರದೂ ಒಂದೇ ಪಕ್ಷವಾಗಿರಲಿಲ್ಲ ಎಂದಷ್ಟೇ ತಿಳಿದರೆ ಸಾಕು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅವರಿಬ್ಬರ ನಡುವೆ ಒಂದು ಬಿರುಸಾದ ಮಾತು ಬಂದು, ಎಂಟು ತಿಂಗಳ ಕಾಲ ಆ ಎರಡು ಬಾಗಿಲುಗಳು ಒಂದಕ್ಕೊಂದು ಎದುರಾಗಿದ್ದೂ ಅಪರಿಚಿತವಾಗಿದ್ದವು. ಮತ್ತೆ ಮಾತು ಆರಂಭವಾದ ಮೇಲೂ ಆ ಮಾತಿನಲ್ಲಿ ಮಳೆ, ಮೊಮ್ಮಕ್ಕಳು, ಮೊಳಕಾಲು ನೋವು ಇವಿಷ್ಟೇ ಬರುತ್ತಿದ್ದವು. ರಾಜಕೀಯದ ಸುಳಿವು ಸಿಕ್ಕೊಡನೆ ಇಬ್ಬರೂ ಚಹಾದ ಬಶಿಯ ಕಡೆಗೆ ನೋಡುತ್ತಿದ್ದರು.

ಈ ಎಚ್ಚರವನ್ನು ಕೆಡಿಸಿದ್ದು 2024ರ ಮೇ ತಿಂಗಳ ಒಂದು ಪತ್ರ. ಆ ತಿಂಗಳ 9ರಂದು ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಮದನ್ ಲೋಕೂರ್, ದಿಲ್ಲಿ ಉಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಅಜಿತ್ ಶಾ ಹಾಗೂ ಪತ್ರಿಕೋದ್ಯಮಿ ಎನ್. ರಾಮ್ ಅವರು ಪ್ರಧಾನಿ ನರೇಂದ್ರ ಮೋದಿ ಮತ್ತು ಕಾಂಗ್ರೆಸ್ಸಿನ ರಾಹುಲ್ ಗಾಂಧಿ ಇಬ್ಬರಿಗೂ ಬಹಿರಂಗ ಪತ್ರ ಬರೆದು, ಒಂದೇ ವೇದಿಕೆಯಲ್ಲಿ ಸಾರ್ವಜನಿಕ ಚರ್ಚೆಗೆ ಬರಬೇಕೆಂದು ಕೇಳಿಕೊಂಡರು. ರಾಹುಲ್ ಗಾಂಧಿ ಒಪ್ಪಿಗೆ ಸೂಚಿಸಿದರು. ಆ ಬಳಿಕ ಭಾರತೀಯ ಜನತಾ ಪಕ್ಷದ ಕಡೆಯಿಂದ ಅದರ ಯುವಮೋರ್ಚಾದ ಉಪಾಧ್ಯಕ್ಷರೊಬ್ಬರ ಹೆಸರು ಮುಂದೆ ಬಂದಿತು. ಚರ್ಚೆ ಮಾತ್ರ ನಡೆಯಲಿಲ್ಲ. ಆದರೆ ನಡೆಯದ ಆ ಚರ್ಚೆಯ ಬಗೆಗೆ ದೇಶದ ಎಷ್ಟೋ ಚಹಾದಂಗಡಿಗಳಲ್ಲಿ ಚರ್ಚೆ ನಡೆಯಿತು. ಅವುಗಳಲ್ಲಿ ಗೋರೆಗಾಂವ್ ಸ್ಟೇಶನ್ನಿನ ಬಳಿಯ ಒಂದು ಉಡುಪಿ ಹೋಟೆಲಿನ ಮೂಲೆಯ ಮೇಜೂ ಒಂದು.

ಅಂದು ಮೇ 12, ಭಾನುವಾರ. ಎರಡು ಕಟಿಂಗ್ ಚಹಾ ಬಂದಿದ್ದವು. ಪತ್ರಿಕೆಯನ್ನು ಮಡಚಿಡುತ್ತ ಮಾಸ್ತರರು, "ಇಬ್ಬರನ್ನೂ ಎದುರುಬದುರು ಕೂರಿಸಬೇಕು ರಾಯರೇ. ಒಂದು ತಾಳಮದ್ದಲೆ ಆಗಿಬಿಡಲಿ" ಎಂದರು. ಬಾಯಿ ತಪ್ಪಿ ಬಂದ ಮಾತು. ರಾಯರು ಒಂದು ಕ್ಷಣ ಬಶಿಯನ್ನು ನೋಡಿದರು. ಬಳಿಕ ತಲೆಯೆತ್ತಿ, "ಮಾಸ್ತರ್ರ, ನಮಗ ಆ ಚರ್ಚಾ ಬ್ಯಾಡ" ಎಂದರು. ಐದು ವರ್ಷಗಳಿಂದ ಮುಚ್ಚಿದ್ದ ಕದ ಹೀಗೆ ತೆರೆಯಿತು.

ರಾಯರ ಆಕ್ಷೇಪಗಳು ಬ್ಯಾಂಕಿನ ಲೆಕ್ಕದಂತೆ ಸಾಲಾಗಿ ಬಂದವು. ಭಾರತದ ಮತದಾರ ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ. ತನ್ನ ಕ್ಷೇತ್ರದ ಸದಸ್ಯನನ್ನು ಆರಿಸುತ್ತಾನೆ. ಇಬ್ಬರನ್ನೇ ವೇದಿಕೆಗೆ ಏರಿಸಿದರೆ 543 ಕ್ಷೇತ್ರಗಳ ಚುನಾವಣೆ ಇಬ್ಬರ ಕುಸ್ತಿಯಾಗಿಬಿಡುತ್ತದೆ. ವಾದಕ್ಕೆ ಲೋಕಸಭೆಯೇ ಇರುವಾಗ ಬೇರೆ ವೇದಿಕೆ ಯಾಕೆ? ಎಲ್ಲಕ್ಕಿಂತ ಮಿಗಿಲಾಗಿ, ಮಾತು ಬಲ್ಲವನಿಗೆ ಆಡಳಿತ ಬರುತ್ತದೆಂಬ ಭರವಸೆ ಏನು? 1960ರ ಸೆಪ್ಟೆಂಬರ್ 26ರಂದು ಶಿಕಾಗೋದ ಸ್ಟುಡಿಯೋದಲ್ಲಿ ಕೆನಡಿ ಮತ್ತು ನಿಕ್ಸನ್ ಮೊದಲ ಬಾರಿಗೆ ದೂರದರ್ಶನದ ಮುಂದೆ ವಾದಿಸಿದಾಗ ಜನರ ನೆನಪಿನಲ್ಲಿ ಉಳಿದದ್ದೇನು? ಆಗತಾನೆ ಆಸ್ಪತ್ರೆಯಿಂದ ಎದ್ದು ಬಂದಿದ್ದ ನಿಕ್ಸನ್ನರ ಬಿಳಿಚಿದ ಮುಖ, ಬೆವರು. ಒಬ್ಬನ ಮೊಳಕಾಲಿನ ಹುಣ್ಣು ಒಂದು ದೇಶದ ಭವಿಷ್ಯವನ್ನು ತೂಗಬೇಕೆ?

ಮೊಳಕಾಲಿನ ವಿಷಯದಲ್ಲಿ ರಾಯರಿಗೆ ಸ್ವಂತ ಅನುಭವವಿದ್ದುದರಿಂದ ಈ ಕೊನೆಯ ಮಾತಿಗೆ ಒಂದು ಹೆಚ್ಚಿನ ತೂಕವಿತ್ತು.

ಮಾಸ್ತರರು ಚಹಾ ಮುಗಿಸಿ ಅರ್ಥ ಹೇಳಲು ಕುಳಿತವರಂತೆ ನೆಟ್ಟಗೆ ಕುಳಿತರು. ನೇರವಾಗಿ ಆರಿಸದವರಿಗೆ ಚರ್ಚೆ ಬೇಡವೆಂಬುದು ಸರಿಯಲ್ಲ ಎಂದರು. ಅವರು ಉದಾಹರಣೆಯಾಗಿ ತಂದದ್ದು 1858ರ ಇಲಿನಾಯ್ ರಾಜ್ಯವನ್ನು. ಅಲ್ಲಿ ಲಿಂಕನ್ ಮತ್ತು ಡಗ್ಲಸ್ ಏಳು ಊರುಗಳಲ್ಲಿ ಎದುರಾಗಿ ವಾದಿಸಿದರು. ಮೊದಲಿನವರಿಗೆ 60 ನಿಮಿಷ, ಎದುರಿನವರಿಗೆ 90 ನಿಮಿಷ, ಮತ್ತೆ ಮೊದಲಿನವರಿಗೆ ಉತ್ತರ ಕೊಡಲು 30 ನಿಮಿಷ. ಇಷ್ಟನ್ನು ನಿಂತು ಕೇಳಿದ ಜನರಿಗೆ ಸೆನೆಟರನನ್ನು ನೇರವಾಗಿ ಆರಿಸುವ ಹಕ್ಕು ಅಂದು ಇರಲಿಲ್ಲ. ಆ ಆಯ್ಕೆ ರಾಜ್ಯದ ಶಾಸನಸಭೆಯದಾಗಿತ್ತು. ಆದರೂ ಜನ ಬಂದರು, ಕೇಳಿದರು, ತಮ್ಮತಮ್ಮಲ್ಲಿ ವಾದಿಸಿದರು. ಲಿಂಕನ್ ಆ ಸಲ ಸೋತರು. ಎರಡು ವರ್ಷಗಳ ಮೇಲೆ ಅಧ್ಯಕ್ಷರಾದರು. ನಮ್ಮಂತೆಯೇ ಸಂಸದೀಯ ಪದ್ಧತಿಯಿರುವ ಬ್ರಿಟನ್ನಿನಲ್ಲಿಯೂ 2010ರಿಂದ ಪಕ್ಷಗಳ ನಾಯಕರು ದೂರದರ್ಶನದ ವೇದಿಕೆಯಲ್ಲಿ ಎದುರಾಗಿದ್ದಾರೆ.

"ಈಗ ನಡೆಯುವ ಪ್ರಚಾರಸಭೆ ಹರಿಕಥೆಯ ಹಾಗೆ, ಮಾರಾಯ್ರೆ. ದಾಸರು ಹೇಳಿದ್ದೇ ಕಥೆ. ಎದುರಿನಿಂದ ಕೇಳುವವರಿಲ್ಲ. ತಾಳಮದ್ದಲೆಯಲ್ಲಿ ಹಾಗೆ ತಪ್ಪಿಸಿಕೊಳ್ಳಲಿಕ್ಕೆ ಆಗುತ್ತದೋ?" ಎಂದು ಮಾಸ್ತರರು ಕೇಳಿದರು.

ತಾಳಮದ್ದಲೆಯನ್ನು ಬಲ್ಲವರಿಗೆ ಈ ಮಾತಿನ ಹಿಂದಿನ ಅನುಭವ ಹೊಸತಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ವಾದವನ್ನು ಬೆಳೆಸುತ್ತಾರೆ. ವಾಲಿಯ ಪ್ರಸಂಗದಲ್ಲಿ ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಪಾತ್ರಕ್ಕೆ ಕುಳಿತರೆ ರಾಮನ ಅರ್ಥಧಾರಿಗೆ ಬಾಣ ಬಿಡುವುದಕ್ಕಿಂತ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಕಥೆಯ ಫಲ ಮೊದಲೇ ನಿಶ್ಚಿತವಾಗಿರುವುದರಿಂದಲೇ ಕೇಳುಗರಿಗೆ ಸೋತವನ ಮಾತನ್ನು ಮನಸ್ಸಿಟ್ಟು ಕೇಳುವ ವ್ಯವಧಾನ ದೊರೆಯುತ್ತದೆ. ಬೆಳಗಿನ ಜಾವ ಮನೆಗೆ ಹೋಗುವಾಗ 'ವಾಲಿ ಹೇಳಿದ್ದೂ ಸರಿಯಷ್ಟೆ' ಎಂದು ರಾಮಭಕ್ತನೂ ಒಪ್ಪುತ್ತಾನೆ; ಅದರಿಂದ ಅವನ ರಾಮಭಕ್ತಿಗೆ ಕುಂದುಂಟಾಗುವುದಿಲ್ಲ. ಅರ್ಥಧಾರಿಗಳಲ್ಲಿ ಹೆಸರಾದ ಕುಂಬ್ಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ಲಿನಿಂದ ಕರ್ನಾಟಕದ ವಿಧಾನಸಭೆಗೂ ಆರಿಸಿಹೋದರೆಂಬುದನ್ನು ನೆನೆದರೆ, ಆ ಎರಡು ವೇದಿಕೆಗಳ ನಡುವಿನ ದಾರಿ ತೀರ ದೂರದ್ದಲ್ಲವೆಂದು ತೋರುತ್ತದೆ.

ರಾಯರೂ ಬಿಡಲಿಲ್ಲ. ತಮ್ಮ ಕಡೆಯ ಹರದೇಶಿ-ನಾಗೇಶಿಯಲ್ಲಿ ಒಂದು ಮೇಳ ಗಂಡು ಹೆಚ್ಚೆಂದರೆ ಇನ್ನೊಂದು ಮೇಳ ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ಹಾಡಿ ವಾದಿಸುತ್ತದೆ. ಇದೇ ಬಗೆಯ ಕಲಗಿ-ತುರಾ ಮರಾಠಿಯಲ್ಲಿಯೂ ಇದೆ. ಆದರೆ ಬೆಳಗಾದ ಮೇಲೆ ಯಾರೂ ಹಾಡು ಕೇಳಿ ಮನೆಯ ಯಜಮಾನಿಕೆಯನ್ನು ಬದಲಿಸುವುದಿಲ್ಲ ಎಂದು ಅವರು ನಕ್ಕರು. ನಗುನಗುತ್ತಲೇ ತಮಗೆ ತಿಳಿದ ಇನ್ನೊಂದು ಸಂಗತಿ ಹೇಳಿದರು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಫೋರ್ಡ್ ಮತ್ತು ಕಾರ್ಟರ್ ವಾದಿಸುತ್ತಿದ್ದಾಗ ಧ್ವನಿಯಂತ್ರ ಕೆಟ್ಟುಹೋಯಿತು. 27 ನಿಮಿಷಗಳ ಕಾಲ ದೇಶವೇ ನೋಡುತ್ತಿರಲು, ಆ ಇಬ್ಬರೂ ತಮ್ಮತಮ್ಮ ಪೀಠದ ಹಿಂದೆ ಒಬ್ಬರೊಡನೊಬ್ಬರು ಮಾತನಾಡದೆ ಗೊಂಬೆಗಳಂತೆ ನಿಂತಿದ್ದರು.

"ನಾಕ್ ಹೆಜ್ಜಿ ಅಂತರ. ಹೋಗಿ ಒಂದ್ ಮಾತ ಆಡಬಹುದಿತ್ತಲ್ರೀ?" ಎಂದು ರಾಯರು ಹೇಳಿದವರೇ ಸುಮ್ಮನಾದರು. ಮಾಸ್ತರರೂ ಸುಮ್ಮನಾದರು.

ಆ ಇಬ್ಬರ ಬಾಗಿಲುಗಳ ನಡುವಿನ ಅಂತರವೂ ನಾಲ್ಕೇ ಹೆಜ್ಜೆ. 2019ರ ಮಳೆಗಾಲದಲ್ಲಿ, ಮಾತು ಬಿಟ್ಟಿದ್ದ ಆ ಎಂಟು ತಿಂಗಳ ನಡುವೆ, ರಾಯರ ಪತ್ನಿ ಆಸ್ಪತ್ರೆ ಸೇರಿದರು. ಮಾಸ್ತರರಿಗೆ ಸುದ್ದಿ ತಿಳಿದದ್ದು ಹಾಲಿನವನಿಂದ. ಊರಿನಿಂದ ದೂರವಿದ್ದ ಮಾಸ್ತರರಿಗೆ ಇಪ್ಪತ್ತು ವರ್ಷ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ ಕೈ ಅದು. ಹೋಗಬೇಕೆಂದು ಮೂರು ದಿನ ಚಪ್ಪಲಿ ಮೆಟ್ಟಿದರು. ಮೂರು ದಿನವೂ ಮೆಟ್ಟಿಲಿನಿಂದ ಹಿಂದಿರುಗಿದರು. ರಾಯರು ಕರೆಯಲಿ ಎಂಬುದು ಒಂದು ಮನಸ್ಸು, ಕರೆಯದಿದ್ದರೇನು ಎಂಬುದು ಇನ್ನೊಂದು. ನಾಲ್ಕನೆಯ ದಿನ ಹೋದದ್ದು ಸ್ಮಶಾನಕ್ಕೆ. ಅತ್ತ ರಾಯರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಮಾಸ್ತರರು ಬರುವರೆಂದು ಪ್ರತಿ ಸಂಜೆ ಲಿಫ್ಟಿನ ಬಾಗಿಲನ್ನು ನೋಡುತ್ತಿದ್ದರು. ಈ ಎರಡು ಸಂಗತಿಗಳನ್ನು ಐದು ವರ್ಷ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಫಿಲಡೆಲ್ಫಿಯಾದ ಯಾವುದೋ ಕೆಟ್ಟ ಯಂತ್ರದ ನೆಪದಲ್ಲಿ ಅಂದು ಅವು ಹೊರಬಿದ್ದವು. ಯಾರೂ ಕ್ಷಮೆ ಕೇಳಲಿಲ್ಲ. ರಾಯರು ಇನ್ನೆರಡು ಕಟಿಂಗ್ ಹೇಳಿದರು.

ಇದನ್ನೆಲ್ಲ ಗಲ್ಲಾದ ಮುಂದೆ ಕುಳಿತ ತರುಣನೊಬ್ಬ ಕೇಳಿಸಿಕೊಳ್ಳುತ್ತಿದ್ದ. ಹೋಟೆಲಿನ ಕೆಲಸದ ನಡುವೆಯೇ ಕನ್ನಡದಲ್ಲಿ ಎಂ.ಎ. ಓದುತ್ತಿದ್ದವನು ಅವನು. ಲೋಕಸಭೆಗೆ ಅದು ಅವನ ಮೊದಲ ಮತ. ಹಾಕುವುದೋ ಬಿಡುವುದೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ಹಿರಿಯರು ಹಣ ಕೊಡಲು ಬಂದಾಗ ಅವನು ಸಂಕೋಚದಿಂದಲೇ ಒಂದು ಮಾತು ಹೇಳಿದ: "ಮಾಷ್ಟ್ರೇ, ಅರ್ಥಧಾರಿಗಳು ಇವತ್ತು ರಾಮ ಆದ್ರೆ ನಾಳೆ ವಾಲಿ ಆಗ್ತಾರೆ. ಮುಂದಿನ ವಾರ ನೀವು ರಾಯರ ಅರ್ಥ ಹೇಳಿ. ರಾಯರು ನಿಮ್ಮದು ಹೇಳಲಿ."

ಮೇ 19ರ ಭಾನುವಾರ. ಪ್ರಚಾರ ನಿಂತು ಊರು ಸದ್ದಿಲ್ಲದಿತ್ತು. ತರುಣನೇ ಭಾಗವತನಾಗಿ ವಿಷಯವನ್ನು ಎತ್ತಿಕೊಟ್ಟ. ಮಾಸ್ತರರು ಚರ್ಚೆಗೆ ವಿರೋಧವಾಗಿ ಮಾತಾಡಬೇಕು. ಅವರು ಮೊದಲು ರಾಯರ ವಾದಗಳನ್ನೇ ಒಪ್ಪಿಸಿ, ಬಳಿಕ ರಾಯರೂ ಹೇಳದಿದ್ದ ಒಂದನ್ನು ಸೇರಿಸಿದರು. ಆ ಚರ್ಚೆ ಯಾವ ಭಾಷೆಯಲ್ಲಿ ನಡೆಯಬೇಕು? ಹಿಂದಿಯಲ್ಲಾದರೆ ಸುಳ್ಯದ ತೋಟದ ಕೆಲಸದವಳಿಗೆ ತಲುಪುವುದು ನಾಯಕನ ದನಿಯಲ್ಲ, ಅನುವಾದಕನ ದನಿ. ಒಬ್ಬನ ವ್ಯಂಗ್ಯ ಇನ್ನೊಬ್ಬನ ಬಾಯಲ್ಲಿ ಬೈಗುಳವಾಗಬಹುದು. ಒಬ್ಬನ ತಡವರಿಕೆ ಅನುವಾದದಲ್ಲಿ ಮಾಯವಾಗಬಹುದು. ಇಷ್ಟು ಭಾಷೆಗಳ ದೇಶದಲ್ಲಿ ಒಂದು ಭಾಷೆಯ ವಾಕ್ಚಾತುರ್ಯಕ್ಕೆ ಪಟ್ಟ ಕಟ್ಟುವುದು ನ್ಯಾಯವೆ? ಜೀವಮಾನವೆಲ್ಲ ಪರಭಾಷೆಯ ಊರಿನಲ್ಲಿ ಕನ್ನಡ ಕಲಿಸಿದವರ ಬಾಯಲ್ಲಿ ಈ ಮಾತು ಬಂದಾಗ ಅದು ಬರಿಯ ಪಾತ್ರದ ಮಾತಾಗಿ ಉಳಿಯಲಿಲ್ಲ. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವೆನ್ನಿಸಿತು.

ರಾಯರು ಚರ್ಚೆಯ ಪರ ನಿಂತರು. ಅವರಿಗೆ ಲಿಂಕನ್ನನೂ ಬೇಕಾಗಲಿಲ್ಲ, ವಾಲಿಯೂ ಬೇಕಾಗಲಿಲ್ಲ. "ಬ್ಯಾಂಕಿನ್ಯಾಗ ಸಣ್ಣ ಅಂಗಡಿ ಸಾಲಾ ಕೇಳಾಕ ಬಂದಾಂವನ್ನೂ ಎದುರಿಗೆ ಕುಂಡ್ರಿಸಿ ನಾಕ್ ಪ್ರಶ್ನೆ ಕೇಳ್ತೀವಿ. ಅರ್ಜಿ ಛಂದ ಬರದಾನಂತ ಯಾರೂ ರೊಕ್ಕಾ ಕೊಡಂಗಿಲ್ಲ. ದೇಶಾ ಕೊಡಾಕ ನಿಂತಾಗ ಕೇಳಬಾರದೇನು?" ಎಂದರು. ಉತ್ತರ ಮುಖ್ಯವಲ್ಲ, ತಾನು ಆರಿಸಿಕೊಳ್ಳದ ಪ್ರಶ್ನೆ ಬಂದಾಗ ಮನುಷ್ಯ ಹೇಗೆ ಕುಳಿತುಕೊಳ್ಳುತ್ತಾನೆಂಬುದನ್ನು ನೋಡಬೇಕು, ಇಪ್ಪತ್ತು ವರ್ಷ ಸಾಲದ ವಿಭಾಗದಲ್ಲಿದ್ದು ಕಲಿತದ್ದು ಅದೊಂದೇ ಎಂದರು. 1992ರಲ್ಲಿ ರಿಚ್ಮಂಡಿನಲ್ಲಿ ಸಾಮಾನ್ಯ ಮತದಾರರೇ ಮೂವರು ಅಭ್ಯರ್ಥಿಗಳನ್ನು ಪ್ರಶ್ನಿಸಿದ್ದನ್ನು ಮಾಸ್ತರರು ಆಗ ನೆನಪಿಸಿದರು. ಅಲ್ಲಿ ಒಬ್ಬ ಮತದಾರ, ಪರಸ್ಪರ ಕೆಸರೆರಚುವುದನ್ನು ಬಿಟ್ಟು ಜನರ ಅಗತ್ಯಗಳ ಬಗೆಗೆ ಮಾತನಾಡಿರೆಂದು ಅಭ್ಯರ್ಥಿಗಳನ್ನು ಕೇಳಿಕೊಂಡಿದ್ದ. ಅಧ್ಯಕ್ಷ ಬುಷ್ ಅಂದು ನಡುವೆ ಕೈಗಡಿಯಾರ ನೋಡಿಕೊಂಡದ್ದು ಯಾವ ಭಾಷಣಕ್ಕಿಂತಲೂ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿಯಿತು.

ತೀರ್ಪು ಕೊಡಲು ತರುಣ ಒಪ್ಪಲಿಲ್ಲ. ಹಿರಿಯರ ಅಭಿಪ್ರಾಯಗಳೂ ಬದಲಾಗಲಿಲ್ಲ. ಆದರೆ ಮಾಸ್ತರರು ಆ ದಿನದಿಂದ, ಚರ್ಚೆಯೊಂದೇ ಸಾಕೆಂಬ ಮಾತನ್ನು ಬಿಟ್ಟರು. ರಾಯರು, ಚರ್ಚೆಯೆಂದರೆ ಬರಿಯ ಮುಖ ನೋಡುವ ಆಟವೆಂಬ ಮಾತನ್ನು ಬಿಟ್ಟರು. ವಾದದಿಂದ ಮನುಷ್ಯನಿಗೆ ದೊರೆಯಬಹುದಾದ ಲಾಭ ಹೆಚ್ಚೆಂದರೆ ಇಷ್ಟೇ ಇರಬೇಕು. ಪೂರ್ತಿ ಮತಾಂತರ ಅಪರೂಪ. ತನ್ನ ವಾದದಲ್ಲಿಯ ಜೊಳ್ಳನ್ನು ತಾನೇ ತೂರಿಕೊಳ್ಳುವುದು ಸಾಧ್ಯ. ಆದರೆ ತೂರಲು ಗಾಳಿ ಬೇಕು. ಆ ಗಾಳಿ ಎದುರಿನಿಂದಲೇ ಬರಬೇಕು.

ಮರುದಿನ ಸೋಮವಾರ, ಮೇ 20, ಮುಂಬಯಿಯ ಮತದಾನ. ಬಿಸಿಲು ಬಿರುಸಾಗಿತ್ತು, ಸಾಲುಗಳು ನಿಧಾನವಾಗಿದ್ದವು. ರಾಯರ ಮೊಳಕಾಲು ಬೆಳಗಿನಿಂದಲೇ ಹಠ ಹಿಡಿದಿತ್ತು. ಬಾಗಿಲಲ್ಲಿ ನಿಂತು ಅವರು ಒಂದು ಒಪ್ಪಂದವನ್ನು ಮುಂದಿಟ್ಟರು: ಹೇಗಿದ್ದರೂ ತಮ್ಮಿಬ್ಬರ ಮತಗಳು ಒಂದನ್ನೊಂದು ಹೊಡೆದುಹಾಕುತ್ತವೆ; ಇಬ್ಬರೂ ಮನೆಯಲ್ಲೇ ಉಳಿದರೆ ಲೆಕ್ಕ ಬದಲಾಗುವುದಿಲ್ಲ, ಮೊಳಕಾಲೂ ಉಳಿಯುತ್ತದೆ. ಬ್ಯಾಂಕಿನವರ ಲೆಕ್ಕ, ತಪ್ಪು ಹುಡುಕುವಂತಿರಲಿಲ್ಲ. ಮಾಸ್ತರರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ತಾಳಮದ್ದಲೆಗೂ ಹೋಗುವುದು ಬೇಡವಲ್ಲ ರಾಯರೇ, ವಾಲಿ ಸಾಯುವುದು ಗೊತ್ತೇ ಉಂಟು" ಎಂದರು. ರಾಯರು ಚಪ್ಪಲಿ ಮೆಟ್ಟಿದರು.

ಒಂದೇ ರಿಕ್ಷಾದಲ್ಲಿ ಹೋದರು. ಒಬ್ಬರ ಮತವನ್ನು ಇನ್ನೊಬ್ಬರು ಅಳಿಸಿಹಾಕಲೆಂದು ಅರ್ಧರ್ಧ ಬಾಡಿಗೆ ಹಂಚಿಕೊಂಡರು. ಮೆಟ್ಟಿಲಿನ ಬಳಿ ಮಾಸ್ತರರು ರಾಯರಿಗೆ ಹೆಗಲು ಕೊಟ್ಟರು. ಹೊರಗೆ ಬಂದು ಎಡಗೈಯ ತೋರುಬೆರಳುಗಳನ್ನು ನೋಡಿಕೊಂಡಾಗ ಇಬ್ಬರದೂ ಒಂದೇ ಶಾಯಿ. 1962ರ ಚುನಾವಣೆಯಿಂದ ಆ ಶಾಯಿ ಮೈಸೂರಿನ ಸರಕಾರಿ ಕಾರ್ಖಾನೆಯಿಂದಲೇ ಬರುತ್ತಿದೆ. ಮರಾಠಿ ಮಾತಾಡುವ ಅಧಿಕಾರಿ ಗೋರೆಗಾಂವಿನಲ್ಲಿ ಹಚ್ಚಿದ ಗೆರೆ ಕನ್ನಡ ನಾಡಿನದಾಗಿತ್ತು.

ಜೂನ್ 4ರಂದು ಫಲಿತಾಂಶ. ಗೋರೆಗಾಂವ್ ಸೇರಿದ ಮುಂಬಯಿ ವಾಯವ್ಯ ಕ್ಷೇತ್ರದಲ್ಲಿ ರವೀಂದ್ರ ವಾಯ್ಕರ್ ಅವರಿಗೆ 4,52,644 ಮತ, ಅಮೋಲ್ ಕೀರ್ತಿಕರ್ ಅವರಿಗೆ 4,52,596 ಮತ. ಒಂಬತ್ತು ಲಕ್ಷಕ್ಕೂ ಹೆಚ್ಚು ಮತಗಳನ್ನು ಹಂಚಿಕೊಂಡ ಇಬ್ಬರ ನಡುವಣ ಅಂತರ 48. ಒಂದು ಹೌಸಿಂಗ್ ಸೊಸೈಟಿಯ ಒಂದೆರಡು ಮಹಡಿಗಳ ಜನ. ಲೋಕಲ್ ಗಾಡಿಯ ಒಂದು ಡಬ್ಬಿಯ ಬಾಗಿಲಲ್ಲಿ ನಿಲ್ಲುವ ಜನ.

ಸಂಜೆ ಮೂಲೆಯ ಮೇಜಿನಲ್ಲಿ ಆ ಸಂಖ್ಯೆಯ ಮುಂದೆ ಮೂವರೂ ಸ್ವಲ್ಪ ಹೊತ್ತು ಮೌನವಾಗಿದ್ದರು. ತಮ್ಮಿಬ್ಬರದು ಕೂಡಿ ಸೊನ್ನೆಯೇ ಎಂದು ರಾಯರು ನೆನಪಿಸಿದರು. ಆದರೆ ಮೂರನೆಯದು ಸೊನ್ನೆಯಲ್ಲ ಎಂದು ಮಾಸ್ತರರು ತರುಣನ ಬೆರಳಿನ ಕಡೆ ನೋಡಿದರು. ಉಗುರಿನ ಬುಡದಲ್ಲಿ ಶಾಯಿ ಇನ್ನೂ ಕಪ್ಪಾಗಿತ್ತು. ಯಾರಿಗೆ ಹಾಕಿದೆಯೆಂದು ಇಬ್ಬರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾಯಕರು ಒಂದೇ ವೇದಿಕೆಗೆ ಬರಬೇಕೋ ಬೇಡವೋ ಎಂಬ ಪ್ರಶ್ನೆ ಮುಂದಿನ ಚುನಾವಣೆಗಳಲ್ಲಿಯೂ ಏಳಬಹುದು, ಮತ್ತೆ ಉತ್ತರವಿಲ್ಲದೆ ಉಳಿಯಬಹುದು. ಆದರೆ ವೇದಿಕೆಯ ಮೇಲಿನ ಚರ್ಚೆ ಎಷ್ಟೇ ಒಳ್ಳೆಯದಾದರೂ ಅದನ್ನು ಕೇಳಿದವರು ಮರುದಿನ ಒಬ್ಬರೊಡನೊಬ್ಬರು ಮಾತಾಡಲಾರದೆ ಹೋದರೆ ಅದರಿಂದ ಪ್ರಜಾಪ್ರಭುತ್ವಕ್ಕೆ ದೊರೆತದ್ದೇನು? ಎದುರಿನವರ ಅರ್ಥವನ್ನು, ಅವರೇ ತಲೆದೂಗುವಂತೆ ಒಮ್ಮೆ ಹೇಳಬಲ್ಲವರು ಆಮೇಲೆ ತಮ್ಮ ಮತವನ್ನು ಎಲ್ಲಿ ಬೇಕಾದರೂ ಹಾಕಲಿ.

ಆ ರಾತ್ರಿ ಮಾಸ್ತರರ ಊಟ ರಾಯರ ಮನೆಯಲ್ಲಾಯಿತು. ಸೊಸೆ ಬಡಿದ ಜೋಳದ ರೊಟ್ಟಿ ಅಂಚಿನಲ್ಲಿ ಸ್ವಲ್ಪ ಸೀದಿತ್ತು. ಗೋಡೆಯ ಮೇಲಿನ ಭಾವಚಿತ್ರದ ಕೆಳಗೆ ಕುಳಿತು ಇಬ್ಬರೂ, ಮುಂದಿನ ಭಾನುವಾರಕ್ಕೆ ಯಾವ ಪ್ರಸಂಗ, ಯಾರಿಗೆ ಯಾವ ಪಕ್ಷ ಎಂಬುದನ್ನು ಗೊತ್ತುಮಾಡುತ್ತಿದ್ದರು.